ಜಾಲದ ಜನಪ್ರಿಯ ಪಟ್ಟಿ: ನಿಮ್ಮ ಸಮುದಾಯ ಒಳಗಿರಬೇಕಾ, ಹೊರಗಿರಬೇಕಾ?

ನೂರಾರು ಪ್ರಶ್ನೋತ್ತರ ಸಮುದಾಯಗಳು ಒಂದೇ ಸೂರಿನಡಿ ಇರುವ ಜಾಲಗಳಲ್ಲಿ ಒಂದು ಪದ್ಧತಿ ಇದೆ. ಯಾವುದಾದರೂ ಸಮುದಾಯದ ಪ್ರಶ್ನೆಯೊಂದಕ್ಕೆ ಜನ ಮುಗಿಬಿದ್ದರೆ, ಆ ಪ್ರಶ್ನೆಯ ಶೀರ್ಷಿಕೆಯನ್ನು ಜಾಲದ ಉಳಿದ ಸಮುದಾಯಗಳ ಪುಟಗಳ ಪಕ್ಕದಲ್ಲೂ ತೋರಿಸುತ್ತಾರೆ. ಗಣಿತದ ಪ್ರಶ್ನೆ ಓದುತ್ತಿದ್ದವರ ಕಣ್ಣಿಗೆ ಅಡುಗೆಯ ಪ್ರಶ್ನೆ ಬೀಳುತ್ತದೆ. ಕ್ಲಿಕ್ ಮಾಡುತ್ತಾರೆ, ಓದುತ್ತಾರೆ, ವೋಟ್ ಹಾಕುತ್ತಾರೆ. ಕೆಲವರು ಉತ್ತರವನ್ನೂ ಬರೆಯುತ್ತಾರೆ. ಸ್ಟಾಕ್ ಎಕ್ಸ್‌ಚೇಂಜ್ ಜಾಲದ 'ಹಾಟ್ ನೆಟ್‌ವರ್ಕ್ ಕ್ವೆಶ್ಚನ್ಸ್' ಪಟ್ಟಿ ಇದಕ್ಕೆ ಚೆನ್ನಾಗಿ ಪರಿಚಿತವಾದ ಉದಾಹರಣೆ. ರೆಡ್ಡಿಟ್ ಕೂಡ ಬೇರೆ ಬೇರೆ ಸಮುದಾಯಗಳ ಜನಪ್ರಿಯ ಪೋಸ್ಟ್‌ಗಳನ್ನು ಒಟ್ಟುಮಾಡಿ ಎಲ್ಲರಿಗೂ ತೋರಿಸುತ್ತಾ ಬಂದಿದೆ.

ಈ ಪಟ್ಟಿಯಲ್ಲಿ ನಾವು ಇರಬೇಕಾ, ಬೇಡವಾ ಅನ್ನುವ ಮಾತು ಸಮುದಾಯದಲ್ಲಿ ಎದ್ದ ಕೂಡಲೇ ಎರಡು ಬಣ ಆಗಿಬಿಡುತ್ತದೆ. ಒಂದು ಬಣ 'ಜನ ಬಂದರೆ ಒಳ್ಳೇದೇ ಅಲ್ವಾ?' ಅನ್ನುತ್ತದೆ. ಇನ್ನೊಂದು 'ಬಂದವರು ಎಲ್ಲ ಕೆಡಿಸಿ ಹೋಗ್ತಾರೆ' ಅನ್ನುತ್ತದೆ. ಎರಡಕ್ಕೂ ಆಧಾರ ಇದೆ. ಇಂಥ ಸಮುದಾಯಗಳ ಮೇಲೆ ನನಗೆ ತುಂಬ ಪ್ರೀತಿ. ಗುರುತು ಪರಿಚಯ ಇಲ್ಲದ ಒಬ್ಬರು, ಒಂದು ಪೈಸೆ ಪಡೆಯದೆ, ಇನ್ನೊಬ್ಬರ ತೊಡಕನ್ನು ತಾಳ್ಮೆಯಿಂದ ಬಿಡಿಸಿ ಹೇಳುವ ಜಾಗಗಳು ಇವು. ಅದಕ್ಕೇ ಈ ತೀರ್ಮಾನ ಬರೀ ಬಣಗಳ ಜಗಳದಲ್ಲಿ ಆಗಬಾರದು ಅನ್ನಿಸುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಸಮುದಾಯಗಳು ಪಟ್ಟಿಯಲ್ಲಿ ಇರಬೇಕು, ಆದರೆ ಯಾವ ಪ್ರಶ್ನೆ ಹೊರಗೆ ಹೋಗುತ್ತದೆ ಅನ್ನುವುದರ ಮೇಲೆ ಕೈ ಇಟ್ಟುಕೊಂಡು ಇರಬೇಕು. ಜನರ ಖಾಸಗಿ ಬದುಕು, ಕಾಯಿಲೆ, ಸಂಬಂಧ, ನಂಬಿಕೆ ಇಂಥ ವಿಷಯಗಳ ಸಮುದಾಯಗಳು ಪೂರ್ತಿ ಹೊರಗುಳಿಯುವುದೇ ಲೇಸು. ನೋಡಿಕೊಳ್ಳಲು ಸಾಕಷ್ಟು ಜನ ಇಲ್ಲದ ಸಮುದಾಯಕ್ಕೂ ಅದೇ ಮಾತು. ಏನೂ ಕಾವಲಿಲ್ಲದೆ ಪಟ್ಟಿಯಲ್ಲಿ ಇದ್ದುಬಿಡುವುದು ಮಾತ್ರ ಯಾರಿಗೂ ಒಳ್ಳೆಯದಲ್ಲ. ಯಾಕೆ ಹೀಗನ್ನುತ್ತೇನೆ ಅನ್ನುವುದಕ್ಕೆ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ನೋಡಬೇಕು.

ಪಟ್ಟಿ ಯಾವ ಪ್ರಶ್ನೆಯನ್ನು ಆರಿಸುತ್ತದೆ?

ಬಹಳ ಜನ ತಿಳಿದಿರುವುದು 'ಒಳ್ಳೆಯ ಪ್ರಶ್ನೆಗಳು ಪಟ್ಟಿಗೆ ಹೋಗುತ್ತವೆ' ಅಂತ. ಹಾಗಲ್ಲ. ಸ್ಟಾಕ್ ಎಕ್ಸ್‌ಚೇಂಜ್ ಹಿಂದೆ ಪ್ರಕಟಿಸಿದ್ದ ಸೂತ್ರ ನೋಡಿ. ಪ್ರಶ್ನೆಗೆ ಎಷ್ಟು ಉತ್ತರ ಬಂದಿವೆ ಅಂತ ಎಣಿಸುತ್ತಾರೆ. ಹತ್ತಕ್ಕಿಂತ ಜಾಸ್ತಿ ಇದ್ದರೂ ಹತ್ತು ಅಂತಲೇ ಲೆಕ್ಕ. ಅದನ್ನು ಪ್ರಶ್ನೆಗೆ ಬಿದ್ದ ವೋಟಿನಿಂದ ಗುಣಿಸಿ 5ರಿಂದ ಭಾಗಿಸುತ್ತಾರೆ. ಉತ್ತರಗಳಿಗೆ ಬಂದ ವೋಟನ್ನು ಇದಕ್ಕೆ ಕೂಡಿಸುತ್ತಾರೆ. ಕೊನೆಗೆ ಪ್ರಶ್ನೆಯ ವಯಸ್ಸನ್ನು ಗಂಟೆಗಳಲ್ಲಿ ತೆಗೆದುಕೊಂಡು, ಒಂದು ಕೂಡಿಸಿ (ಆರಕ್ಕಿಂತ ಕಡಿಮೆ ಬಂದರೂ ಆರು ಅಂತಲೇ ಲೆಕ್ಕ), 1.4ರ ಘಾತಕ್ಕೆ ಏರಿಸಿ, ಅದರಿಂದ ಭಾಗಿಸುತ್ತಾರೆ. ಒಂದೇ ಸಮುದಾಯದ ಪ್ರಶ್ನೆಗಳೇ ತುಂಬಿಕೊಳ್ಳದಂತೆ ಎರಡನೆಯ, ಮೂರನೆಯ ಪ್ರಶ್ನೆಗೆ ಅಂಕ ತಗ್ಗಿಸುವ ಏರ್ಪಾಡೂ ಉಂಟು.

ಲೆಕ್ಕ ಹಾಕಿದರೆ ಇದರ ಅರ್ಥ ಬೇಗ ಗೊತ್ತಾಗುತ್ತದೆ. ಎರಡು ಪ್ರಶ್ನೆಗಳಿಗೆ ತಲಾ 20 ವೋಟ್ ಬಿದ್ದಿವೆ ಅಂದುಕೊಳ್ಳಿ. ಒಂದಕ್ಕೆ 2 ಉತ್ತರ, ಇನ್ನೊಂದಕ್ಕೆ 10. ಮೊದಲನೆಯದಕ್ಕೆ ಸಿಗುವುದು 8, ಎರಡನೆಯದಕ್ಕೆ 40. ವಯಸ್ಸಿನ ಕಥೆ ಇನ್ನೂ ಕಟ್ಟುನಿಟ್ಟು. ಮೊದಲ ಐದು ಗಂಟೆ ಭಾಗಿಸುವ ಸಂಖ್ಯೆ ಸುಮಾರು 12 ಇರುತ್ತದೆ. ಒಂದು ದಿನ ತುಂಬುವಷ್ಟರಲ್ಲಿ ಅದು 91ರ ಹತ್ತಿರ ಬರುತ್ತದೆ. ಅಂದರೆ, ಬೇಗ ಬೇಗ ಬಹಳ ಉತ್ತರ ಬರುವ ಪ್ರಶ್ನೆಗೆ ಮಾತ್ರ ಇಲ್ಲಿ ಜಾಗ.

ಈಗ ಯೋಚನೆ ಮಾಡಿ: ಕೆಲವೇ ಗಂಟೆಗಳಲ್ಲಿ ಹತ್ತು ಉತ್ತರ ಬರುವ ಪ್ರಶ್ನೆ ಎಂಥದ್ದು? ಯಾರು ಬೇಕಾದರೂ ಉತ್ತರ ಹೇಳಬಹುದಾದದ್ದು. ಅಭಿಪ್ರಾಯ ಕೇಳುವಂಥದ್ದು, ಎಲ್ಲರ ಬದುಕಿನಲ್ಲೂ ನಡೆಯುವಂಥದ್ದು, ಶೀರ್ಷಿಕೆ ಓದಿದ ಕೂಡಲೇ 'ಇದಕ್ಕೆ ನಾನೂ ಒಂದು ಮಾತು ಹೇಳಬಲ್ಲೆ' ಅನ್ನಿಸುವಂಥದ್ದು. ನಿಮ್ಮ ಸಮುದಾಯದಲ್ಲಿ ಇಪ್ಪತ್ತು ವರ್ಷ ಒಂದೇ ವಿಷಯದಲ್ಲಿ ಪಳಗಿದ ಒಬ್ಬರು ಎರಡು ದಿನ ಕೂತು ಬರೆದ ಉತ್ತರ ಇದೆಯಲ್ಲ, ಅಂಥ ಉತ್ತರ ಬೇಡುವ ಪ್ರಶ್ನೆ ಈ ಪಟ್ಟಿಯನ್ನು ಮುಟ್ಟುವುದೇ ಅಪರೂಪ. ಆ ಉತ್ತರ ಬರುವಷ್ಟರಲ್ಲಿ ಪ್ರಶ್ನೆಗೆ ವಯಸ್ಸಾಗಿರುತ್ತದೆ.

ಗಣಿತ ಸಮುದಾಯದಲ್ಲಿ ಇದು ಎದ್ದು ಕಾಣುತ್ತದೆ. ಶೀರ್ಷಿಕೆಯಲ್ಲಿ ಗಣಿತದ ಚಿಹ್ನೆಗಳ ಸೂತ್ರ ಬರೆದಿದ್ದರೆ ಆ ಪ್ರಶ್ನೆ ಪಟ್ಟಿಗೆ ಹೋಗುವುದಿಲ್ಲ, ಯಾಕೆಂದರೆ ಬೇರೆ ಪುಟಗಳ ಪಕ್ಕದಲ್ಲಿ ಆ ಸೂತ್ರ ಸರಿಯಾಗಿ ಮೂಡುವುದಿಲ್ಲ. ಕಾರಣ ತಾಂತ್ರಿಕ. ಆದರೆ ಅದರಿಂದ ಆಗುವುದು ಏನು? ಗಣಿತ ಸಮುದಾಯದಿಂದ ಹೊರಜಗತ್ತಿಗೆ ಕಾಣುವುದು ಶೀರ್ಷಿಕೆಯಲ್ಲಿ ಸೂತ್ರವೇ ಇಲ್ಲದ ಪ್ರಶ್ನೆಗಳು. ಹೊರಗಿನವರು ನೋಡುವ ಮುಖ ಬೇರೆ, ಒಳಗೆ ದಿನವೂ ನಡೆಯುವ ಕೆಲಸ ಬೇರೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. 'ಜನ ಬರಬೇಕಾ, ಬೇಡವಾ' ಅಂತ ಕೇಳಿಕೊಂಡರೆ ತೀರ್ಮಾನ ಸಿಗುವುದಿಲ್ಲ. 'ನಮ್ಮ ಯಾವ ಪ್ರಶ್ನೆಗಳು ನಮ್ಮ ಹೆಸರು ಹೊತ್ತು ಹೊರಗೆ ಹೋಗುತ್ತಿವೆ' ಅಂತ ಕೇಳಿಕೊಳ್ಳಿ. ಆಮೇಲಿನ ದಾರಿ ಬಹುಪಾಲು ತಾನಾಗಿಯೇ ಕಾಣುತ್ತದೆ.

ಜನ ಬಂದ ಮೇಲೆ ವೋಟಿನ ಲೆಕ್ಕ ಹೇಗೆ ವಾಲುತ್ತದೆ

ಗುಂಪು ಬಂದಾಗ ಗಲಾಟೆ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಗಲಾಟೆಗಿಂತ ಹೆಚ್ಚು ಚಿಂತೆ ತರುವುದು ವೋಟು. ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಯಾರಿಗಾದರೂ ಒಂದು ಸಮುದಾಯದಲ್ಲಿ, ಬರೆದದ್ದಕ್ಕೆ ವೋಟ್ ಬಿದ್ದು ಸೇರುವ ಅಂಕ 200 ಇದ್ದರೆ, ಬೇರೆ ಸಮುದಾಯ ಸೇರಿದ ಕೂಡಲೇ 100 ಅಂಕ ಉಡುಗೊರೆ ಸಿಗುತ್ತದೆ. ಹೊಸಬರಿಗೆ ಮೊದಲೇ ಇರುವ 1 ಸೇರಿ 101. ಅಪ್‌ವೋಟ್ ಹಾಕಲು 15 ಸಾಕು. ಎಲ್ಲೆಡೆ ಕಾಮೆಂಟ್ ಮಾಡಲು 50 ಸಾಕು. ಡೌನ್‌ವೋಟ್‌ಗೆ ಮಾತ್ರ 125 ಬೇಕು.

ಅಂದರೆ ಪಟ್ಟಿ ನೋಡಿ ಒಳಗೆ ಬಂದವರಿಗೆ ಮೆಚ್ಚುವ ಹಕ್ಕಿದೆ, ಮಾತಾಡುವ ಹಕ್ಕಿದೆ, 'ಇದು ತಪ್ಪು' ಅಂತ ವೋಟ್ ಹಾಕುವ ಹಕ್ಕಿಲ್ಲ. ತಪ್ಪು ಉತ್ತರ ಓದಲು ಚೆನ್ನಾಗಿದ್ದರೆ ಅದಕ್ಕೆ ಹೊರಗಿನವರ ಅಪ್‌ವೋಟ್ ಸುರಿಯುತ್ತದೆ. ಅದನ್ನು ಕೆಳಗಿಳಿಸಬಲ್ಲವರು ಆ ಸಮುದಾಯದ ಹಳಬರು ಮಾತ್ರ, ಅವರ ಸಂಖ್ಯೆಯೋ ಬೆರಳೆಣಿಕೆ. ವಿಷಯ ಬಲ್ಲ ಐದು ಜನ ಡೌನ್‌ವೋಟ್ ಹಾಕಿದರೂ, ಅದರ ಎದುರು ನೂರು ಅಪ್‌ವೋಟ್ ಇದ್ದರೆ ಏನು ಪ್ರಯೋಜನ? ಹೊಸದಾಗಿ ಬರುವ ಓದುಗರಿಗೆ ಮೇಲೆ ಕಾಣುವುದು ಅದೇ ಉತ್ತರ. ವರ್ಷಗಳ ನಂತರ ಹುಡುಕಾಟದಲ್ಲಿ ಸಿಗುವುದೂ ಅದೇ.

ಅಂಕದ ಪರಿಣಾಮ ಇನ್ನೂ ದೂರ ಹೋಗುತ್ತದೆ. ಒಂದು ಅಪ್‌ವೋಟ್‌ಗೆ 10 ಅಂಕ. ವೋಟಿನಿಂದ ದಿನಕ್ಕೆ 200ಕ್ಕಿಂತ ಹೆಚ್ಚು ಗಳಿಸಲಾಗದು ಅಂತ ಮಿತಿ ಇದೆ. ಆದರೂ ಪಟ್ಟಿಯಲ್ಲಿ ಮೂರು ದಿನ ಇರುವ ಪ್ರಶ್ನೆಗೆ ಚುರುಕಾದ ನಾಲ್ಕು ಸಾಲು ಬರೆದವರು 600ರವರೆಗೆ ಗಳಿಸಬಹುದು. ಆ ಜಾಲದಲ್ಲಿ ಅಂಕ ಅಂದರೆ ಅಧಿಕಾರವೂ ಹೌದು. 2000 ಆದರೆ ಬೇರೆಯವರ ಬರಹವನ್ನು ಯಾರ ಒಪ್ಪಿಗೆಯೂ ಇಲ್ಲದೆ ತಿದ್ದಬಹುದು, 3000 ಆದರೆ ಪ್ರಶ್ನೆ ಮುಚ್ಚಲು ವೋಟ್ ಹಾಕಬಹುದು. ಕಷ್ಟದ, ಯಾರೂ ನೋಡದ ಪ್ರಶ್ನೆಗಳಿಗೆ ತಿಂಗಳುಗಟ್ಟಲೆ ಉತ್ತರ ಬರೆದು ಅಷ್ಟು ಅಂಕ ಮುಟ್ಟಿದವರಿಗೂ, ಮೂರ್ನಾಲ್ಕು ಜನಪ್ರಿಯ ಪ್ರಶ್ನೆಗಳಿಂದ ಅಲ್ಲಿಗೆ ಬಂದವರಿಗೂ ವ್ಯವಸ್ಥೆಯ ಕಣ್ಣಲ್ಲಿ ವ್ಯತ್ಯಾಸ ಇಲ್ಲ. ಹಳಬರು ಮನಸ್ಸು ಮುರಿದು ದೂರವಾಗುವುದು ಇಂಥ ಕಡೆ. ಯಾರೋ ಬೈದರು ಅಂತ ಬಿಟ್ಟುಹೋಗುವವರಿಗಿಂತ, ತಾವು ಪಟ್ಟ ಶ್ರಮಕ್ಕೆ ಬೆಲೆ ಇಲ್ಲ ಅನ್ನಿಸಿ ಸದ್ದಿಲ್ಲದೆ ಬರುವುದು ನಿಲ್ಲಿಸುವವರೇ ಜಾಸ್ತಿ ಅಂತ ನನ್ನ ಅನಿಸಿಕೆ.

ಇದು ಹೊಸ ಸಮಸ್ಯೆಯೇನಲ್ಲ. ವೆಬ್‌ಗಿಂತ ಹಳೆಯ ಚರ್ಚಾಗುಂಪುಗಳ ಜಾಲವಾದ ಯೂಸ್‌ನೆಟ್‌ನ ಕಾಲದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಹೊಸ ವಿದ್ಯಾರ್ಥಿಗಳು ಬರುತ್ತಿದ್ದರು. ಅಲ್ಲಿನ ರೀತಿನೀತಿ ಕಲಿಯಲು ಅವರಿಗೆ ಒಂದಷ್ಟು ದಿನ ಹಿಡಿಯುತ್ತಿತ್ತು, ಆಮೇಲೆ ಎಲ್ಲ ತಿಳಿಯಾಗುತ್ತಿತ್ತು. 1993-94ರಲ್ಲಿ ಅಮೆರಿಕಾ ಆನ್‌ಲೈನ್‌ನಂಥ ಕಂಪನಿಗಳು ತಮ್ಮ ಗ್ರಾಹಕರಿಗೆಲ್ಲ ಯೂಸ್‌ನೆಟ್ ಬಾಗಿಲು ತೆರೆದ ಮೇಲೆ ಹೊಸಬರು ಬರುವುದು ನಿಲ್ಲಲೇ ಇಲ್ಲ. ಹಳಬರು ಅದನ್ನು 'ಮುಗಿಯದ ಸೆಪ್ಟೆಂಬರ್' ಅಂತ ಕರೆದರು. ತೊಂದರೆ ಹೊಸಬರ ಗುಣದಲ್ಲಿ ಇರಲಿಲ್ಲ. ಕಲಿಸುವವರ ಸಂಖ್ಯೆಗೂ ಬರುವವರ ಸಂಖ್ಯೆಗೂ ಇದ್ದ ಹೊಂದಿಕೆ ತಪ್ಪಿತ್ತು. ನಮ್ಮ ಚರ್ಚೆಗೂ ಇದೇ ಅಳತೆ ಸಾಕು: ಒಂದು ದಿನದಲ್ಲಿ ಬರುವ ಅಪರಿಚಿತರಿಗೆ ದಾರಿ ತೋರಿಸಲು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ?

ನಾಲ್ಕು ದಾರಿಗಳು

ಮೊದಲನೆಯದು, ಏನೂ ಮಾಡದೆ ಪಟ್ಟಿಯಲ್ಲಿ ಇದ್ದುಬಿಡುವುದು. ಇದರ ಬಗ್ಗೆ ಹೇಳಲು ಹೆಚ್ಚಿಲ್ಲ. ಯಾರೂ ಆರಿಸಿಕೊಳ್ಳದೆಯೇ ಹೆಚ್ಚಿನ ಸಮುದಾಯಗಳು ಇರುವ ಸ್ಥಿತಿ ಇದು. ಹೊಸದಾಗಿ ಶುರುವಾದ, ದಿನಕ್ಕೆ ಎರಡು ಮೂರು ಪ್ರಶ್ನೆ ಬರುವ ಸಮುದಾಯಕ್ಕೆ ಒಂದಷ್ಟು ಕಾಲ ಇದು ನಡೆಯುತ್ತದೆ, ಯಾಕೆಂದರೆ ಅದಕ್ಕೆ ಜನರ ಕಣ್ಣಿಗೆ ಬೀಳುವುದೇ ಆಗಿನ ದೊಡ್ಡ ಕೆಲಸ.

ಎರಡನೆಯದು, ಪೂರ್ತಿ ಹೊರಗುಳಿಯುವುದು. ರೆಡ್ಡಿಟ್‌ನಲ್ಲಿ ಸಮುದಾಯದ ಸೆಟ್ಟಿಂಗ್ಸ್‌ನಲ್ಲೇ ಇದಕ್ಕೆ ಅವಕಾಶ ಕೊಟ್ಟಿದ್ದಾರೆ. ಸಮುದಾಯವನ್ನು ನೋಡಿಕೊಳ್ಳುವ ಮಾಡರೇಟರ್‌ಗಳು ಬೇಡ ಅಂದರೆ ಆ ಸಮುದಾಯದ ಪೋಸ್ಟ್‌ಗಳು ಎಲ್ಲರಿಗೂ ಕಾಣುವ ಒಟ್ಟು ಪಟ್ಟಿಗಳಲ್ಲಿ ಬರುವುದಿಲ್ಲ. ಹೀಗೆ ಮಾಡುವುದರಿಂದ ಕಳೆದುಕೊಳ್ಳುವುದು ಏನು ಅಂತ ಪ್ರಾಮಾಣಿಕವಾಗಿ ನೋಡಬೇಕು. ಎರಡು ವಿಷಯ ಬಲ್ಲವರು ಸಮುದಾಯಕ್ಕೆ ಬರುವುದು ಬಹಳ ಸಲ ಈ ಪಟ್ಟಿಯ ಮೂಲಕವೇ. ಭೌತಶಾಸ್ತ್ರ ಓದಿದವರು ಕಥೆ ಬರೆಯುವವರ ಸಮುದಾಯದ ಪ್ರಶ್ನೆ ನೋಡುತ್ತಾರೆ. ಬಾಹ್ಯಾಕಾಶದಲ್ಲಿ ನಡೆಯುವ ದೃಶ್ಯದಲ್ಲಿ ಶಬ್ದ ಕೇಳಿಸುತ್ತದಾ ಅಂತ ಯಾರೋ ಕೇಳಿರುತ್ತಾರೆ. ಉತ್ತರ ಬರೆಯಲು ಬಂದವರು ಅಲ್ಲೇ ಉಳಿಯುತ್ತಾರೆ. ಇಂಥವರನ್ನು ಬೇರೆ ಯಾವ ದಾರಿಯಿಂದಲೂ ಕರೆತರುವುದು ಕಷ್ಟ. ಬಾಗಿಲು ಮುಚ್ಚಿದರೆ ಅವರೂ ಹೊರಗೇ ಉಳಿಯುತ್ತಾರೆ.

ಆದರೂ ಕೆಲವು ಸಮುದಾಯಗಳಿಗೆ ಇದೇ ಸರಿ. 2014ರ ಮೇ ತಿಂಗಳಲ್ಲಿ ರೆಡ್ಡಿಟ್ ತನ್ನ ಡೀಫಾಲ್ಟ್ ಸಮುದಾಯಗಳ, ಅಂದರೆ ಹೊಸಬರಿಗೆ ತಾನಾಗಿಯೇ ಕಾಣುವ ಸಮುದಾಯಗಳ, ಪಟ್ಟಿಯನ್ನು 50ಕ್ಕೆ ಹಿಗ್ಗಿಸಿತು. ಮಹಿಳೆಯರು ತಮ್ಮ ಅನುಭವ ಹಂಚಿಕೊಳ್ಳುತ್ತಿದ್ದ 'ಟೂ ಎಕ್ಸ್ ಕ್ರೋಮೋಸೋಮ್ಸ್' ಕೂಡ ಅದರಲ್ಲಿ ಸೇರಿತು. ಅಲ್ಲಿನ ಅನೇಕ ಸದಸ್ಯರು ಇದನ್ನು ಜೋರಾಗಿಯೇ ವಿರೋಧಿಸಿದರು. ಅವರ ಆತಂಕ ಅರ್ಥ ಮಾಡಿಕೊಳ್ಳಲು ಕಷ್ಟವೇನಿಲ್ಲ. ತಮ್ಮಂಥ ಕೆಲವರು ಓದುತ್ತಾರೆ ಅಂತ ನಂಬಿ ಬರೆದ ಮಾತನ್ನು ಒಮ್ಮೆಲೇ ಲಕ್ಷಾಂತರ ಜನ, ಅದೂ ಆ ಅನುಭವದ ಹತ್ತಿರವೂ ಸುಳಿಯದವರು, ಓದಿ ತೀರ್ಪು ಕೊಡಲು ಬರುತ್ತಾರೆ. ಯಾರು ಓದುತ್ತಾರೆ ಅನ್ನುವುದು ಬದಲಾದರೆ ಏನು ಬರೆಯಬಹುದು ಅನ್ನುವುದೂ ಬದಲಾಗುತ್ತದೆ. ಇಂಥ ಕಡೆ ಮುಂದೆ ಹೇಳುವ ಮೂರನೆಯ ದಾರಿಯ ಕಾವಲು ಸಾಲದು.

ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಜನರೊಡನೆ ನಡೆದುಕೊಳ್ಳುವ ಬಗೆಯನ್ನು ಚರ್ಚಿಸುವ 'ಇಂಟರ್‌ಪರ್ಸನಲ್ ಸ್ಕಿಲ್ಸ್' ಸಮುದಾಯದ ಕಥೆ ಇನ್ನೊಂದು ಬಗೆಯದು. 2018ರ ಅಕ್ಟೋಬರ್‌ನಲ್ಲಿ ಪಟ್ಟಿಯಲ್ಲಿದ್ದ ಶೀರ್ಷಿಕೆಗಳ ಬಗ್ಗೆ ಟ್ವಿಟರ್‌ನಲ್ಲಿ ಆಕ್ಷೇಪ ಬಂತು. ಕಂಪನಿ ಕೂಡಲೇ ಆ ಸಮುದಾಯವನ್ನು ಪಟ್ಟಿಯಿಂದ ತೆಗೆಯಿತು. ತೆಗೆದದ್ದು ಸರಿಯಾ ತಪ್ಪಾ ಅನ್ನುವುದಕ್ಕಿಂತ, ಆ ಸಮುದಾಯದವರನ್ನು ಕೇಳದೆ ತೆಗೆದದ್ದಕ್ಕೆ ಬೇಸರ ಎದ್ದಿತು. ನನಗೆ ಕಾಣುವ ಪಾಠ ಸರಳ. ಒಳಗಿರಬೇಕಾ ಹೊರಗಿರಬೇಕಾ ಅಂತ ಸಮುದಾಯವೇ ಕೂತು ಮಾತಾಡಿ, ಬರೆದಿಟ್ಟುಕೊಂಡಿದ್ದರೆ ಬೇರೆಯವರು ಅವಸರದಲ್ಲಿ ತೀರ್ಮಾನ ಮಾಡುವ ಸಂದರ್ಭ ಬರುವುದಿಲ್ಲ.

ಮೂರನೆಯದು, ಇದ್ದುಕೊಂಡೇ ಆರಿಸುವುದು. ಮೇಲಿನ ಗಲಾಟೆಯ ನಂತರ, 2019ರ ಮಾರ್ಚ್‌ನಲ್ಲಿ, ಸ್ಟಾಕ್ ಎಕ್ಸ್‌ಚೇಂಜ್ ಕೆಲವು ಬದಲಾವಣೆ ತಂದಿತು. ಮಾಡರೇಟರ್‌ಗಳು ಒಂದೊಂದು ಪ್ರಶ್ನೆಯನ್ನು ಪಟ್ಟಿಯಿಂದ ತೆಗೆಯಬಹುದು. ಒಂದು ಪ್ರಶ್ನೆ ಮೂರು ದಿನಕ್ಕಿಂತ ಹೆಚ್ಚು ಪಟ್ಟಿಯಲ್ಲಿ ಇರುವುದಿಲ್ಲ. ಒಂದು ಸಮುದಾಯದಿಂದ ಒಮ್ಮೆಗೆ ಐದಕ್ಕಿಂತ ಹೆಚ್ಚು ಪ್ರಶ್ನೆ ಇರುವುದಿಲ್ಲ. ಇದರ ಜೊತೆಗೆ ಮೊದಲಿನಿಂದಲೂ ಇದ್ದ ಒಂದು ಒಳ್ಳೆಯ ಉಪಾಯ ಇದೆ: ಪ್ರಶ್ನೆಗೆ 'ರಕ್ಷಣೆ' ಹಾಕುವುದು. ಹಾಗೆ ಮಾಡಿದರೆ ಆ ಸಮುದಾಯದಲ್ಲೇ 10 ಅಂಕ ಗಳಿಸಿದವರು ಮಾತ್ರ ಉತ್ತರ ಬರೆಯಬಹುದು. ಉಡುಗೊರೆಯಾಗಿ ಬಂದ 100 ಅಂಕ ಇಲ್ಲಿ ಲೆಕ್ಕಕ್ಕಿಲ್ಲ.

ನಾನು ಹೆಚ್ಚಿನ ಸಮುದಾಯಗಳಿಗೆ ಹೇಳುವುದು ಈ ದಾರಿಯನ್ನೇ. ಆದರೆ ಇದಕ್ಕೆ ಒಂದು ಬೆಲೆ ಇದೆ: ದಿನವೂ ಯಾರಾದರೂ ನೋಡುತ್ತಿರಬೇಕು. ರಜೆಯ ದಿನ, ರಾತ್ರಿ ಹೊತ್ತು, ಮಾಡರೇಟರ್‌ಗಳು ಬೇರೆ ಕೆಲಸದಲ್ಲಿ ಇರುವಾಗಲೂ ಪಟ್ಟಿ ತನ್ನ ಪಾಡಿಗೆ ಪ್ರಶ್ನೆ ಎತ್ತಿಕೊಳ್ಳುತ್ತಲೇ ಇರುತ್ತದೆ. ಪ್ರಶ್ನೆ ಪಟ್ಟಿಗೆ ಹೋಗಿ ಆರು ಗಂಟೆ ಕಳೆದ ಮೇಲೆ ತೆಗೆದರೆ ಆಗಬೇಕಾದ ಹಾನಿ ಅಷ್ಟರಲ್ಲಿ ಆಗಿರುತ್ತದೆ. ಹಾಗಾಗಿ ಬೇರೆ ಬೇರೆ ಸಮಯವಲಯಗಳಲ್ಲಿ ಇರುವ ಇಬ್ಬರು ಮೂವರಾದರೂ ಮಾಡರೇಟರ್‌ಗಳು ಬೇಕು. ಅಷ್ಟು ಜನ ಇಲ್ಲ ಅಂದರೆ ಈ ದಾರಿ ಹೆಸರಿಗೆ ಮಾತ್ರ. ನಿಜದಲ್ಲಿ ಅದು ಮೊದಲನೆಯ ದಾರಿಯೇ.

ಏನನ್ನು ತೆಗೆಯಬೇಕು ಅನ್ನುವುದನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಪ್ರತಿ ಸಲವೂ 'ನನ್ನ ಪ್ರಶ್ನೆ ಯಾಕೆ ತೆಗೆದಿರಿ?' ಅನ್ನುವ ಜಗಳ. ನಾನು ಬರೆದರೆ ಹೀಗೆ ಬರೆದೇನು: ವಿಷಯ ತಿಳಿಯದವರೂ ಅನಿಸಿಕೆ ಹೇಳಿ ಉತ್ತರ ಅನ್ನಿಸಬಲ್ಲ ಪ್ರಶ್ನೆ, ಕೇಳಿದವರ ಗುರುತು ಹಿಡಿಯಬಹುದಾದ ಪ್ರಶ್ನೆ, ತಪ್ಪು ಉತ್ತರದಿಂದ ಯಾರದಾದರೂ ದೇಹಕ್ಕೋ ದುಡ್ಡಿಗೋ ಪೆಟ್ಟು ಬೀಳಬಹುದಾದ ಪ್ರಶ್ನೆ. ಇವು ಕಂಡ ಕೂಡಲೇ ಪಟ್ಟಿಯಿಂದ ಹೊರಗೆ. ಕೊನೆಯದರಲ್ಲಿ ಯಾವ ರಿಯಾಯಿತಿಯೂ ಬೇಡ. ವಿದ್ಯುತ್ ವೈರಿಂಗ್ ಬಗ್ಗೆಯೋ ಔಷಧಿಯ ಪ್ರಮಾಣದ ಬಗ್ಗೆಯೋ ಬಂದ ತಪ್ಪು ಉತ್ತರಕ್ಕೆ ನೂರು ಅಪ್‌ವೋಟ್ ಬೀಳುವುದು ಎಷ್ಟು ಅಪಾಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು, ಒಪ್ಪಿಗೆ ಕೊಟ್ಟದ್ದು ಮಾತ್ರ ಹೊರಗೆ ಹೋಗುವುದು. ಮೂರನೆಯದರಲ್ಲಿ ಹೋದದ್ದನ್ನು ವಾಪಸ್ ತೆಗೆಯುತ್ತೀರಿ. ಇಲ್ಲಿ ಹೋಗುವ ಮೊದಲೇ ಯಾರಾದರೂ ಸರಿ ಅನ್ನಬೇಕು. ಬೇರೆ ಬೇರೆಯವರು ತಮ್ಮ ತಮ್ಮ ಸರ್ವರ್‌ಗಳಲ್ಲಿ ನಡೆಸುವ, ಟ್ವಿಟರ್‌ನಂಥ ಜಾಲವಾದ ಮ್ಯಾಸ್ಟೊಡಾನ್ ಈ ಕ್ರಮವನ್ನು ಇಟ್ಟುಕೊಂಡಿದೆ. 2022ರಲ್ಲಿ ಬಂದ ಅದರ 3.5 ಆವೃತ್ತಿಯಲ್ಲಿ ಜನಪ್ರಿಯ ಪೋಸ್ಟ್‌ಗಳನ್ನು ತೋರಿಸುವ ಸೌಲಭ್ಯ ಬಂತು, ಆದರೆ ಆ ಸರ್ವರ್ ನಡೆಸುವವರು ನೋಡಿ ಒಪ್ಪಿದ ಮೇಲೆ ಮಾತ್ರ ಅವು ಎಲ್ಲರಿಗೂ ಕಾಣುವಂತೆ ಇಟ್ಟರು. ಇದು ನನಗೆ ಅತ್ಯಂತ ಇಷ್ಟವಾದ ಕ್ರಮ. ಯಾರೂ ನೋಡದ ದಿನ ಏನೂ ಹೊರಗೆ ಹೋಗುವುದಿಲ್ಲ, ಅಷ್ಟೇ. ಮಾಡರೇಟರ್‌ಗೆ ರಜೆ ಇದ್ದರೆ ಹಾನಿ ಆಗುವುದಿಲ್ಲ. ಜೊತೆಗೆ ವೋಟಿನ ಸೂತ್ರಕ್ಕೆ ಎಂದೂ ಎಟುಕದ, ಎರಡೇ ಉತ್ತರ ಇರುವ, ಆದರೆ ಆ ಎರಡೂ ಅದ್ಭುತವಾಗಿರುವ ಪ್ರಶ್ನೆಯನ್ನು ನೀವೇ ಎತ್ತಿ ತೋರಿಸಬಹುದು.

ಇದರ ಕೊರತೆ ಅಂದರೆ ಪಕ್ಷಪಾತ. ಆರಿಸುವವರಿಗೆ ಇಷ್ಟವಾದ ವಿಷಯ, ಇಷ್ಟವಾದ ಬರಹಗಾರರೇ ಮತ್ತೆ ಮತ್ತೆ ಮೇಲೆ ಬರಬಹುದು. ಆರಿಸುವ ಕೆಲಸವನ್ನು ತಿಂಗಳಿಗೊಮ್ಮೆ ಬೇರೆಯವರಿಗೆ ಕೊಟ್ಟರೆ ಇದು ತಕ್ಕಮಟ್ಟಿಗೆ ತಗ್ಗುತ್ತದೆ. ನಿಮ್ಮ ಜಾಲದಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಕೇಳಿ. ಒಂದು ಸಮುದಾಯ ಕೇಳಿದರೆ ಕಿವಿಗೊಡದವರೂ ಹತ್ತು ಸಮುದಾಯ ಒಟ್ಟಾಗಿ ಕೇಳಿದರೆ ಕೇಳಿಸಿಕೊಳ್ಳುತ್ತಾರೆ.

ನಿಮ್ಮದು ಯಾವುದು ಅಂತ ತಿಳಿಯುವುದು ಹೇಗೆ

ಚರ್ಚೆ ಶುರು ಮಾಡುವ ಮೊದಲು ಒಂದು ಕೆಲಸ ಮಾಡಿ. ಕಳೆದ ಮೂರು ತಿಂಗಳಲ್ಲಿ ಪಟ್ಟಿಗೆ ಹೋದ ನಿಮ್ಮ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಬರೆಯಿರಿ. ಶೀರ್ಷಿಕೆ ಮಾತ್ರ ಸಾಕು. ವಿಷಯ ಗೊತ್ತಿಲ್ಲದ ಒಬ್ಬ ಸ್ನೇಹಿತರಿಗೆ ತೋರಿಸಿ, 'ಇದು ಯಾವ ವಿಷಯದ ಸಮುದಾಯ ಅನ್ನಿಸುತ್ತೆ?' ಅಂತ ಕೇಳಿ. ಅವರ ಉತ್ತರ ನಿಮ್ಮ ವಿಷಯಕ್ಕೆ ಹತ್ತಿರ ಇದ್ದರೆ ಪಟ್ಟಿಯಿಂದ ನಿಮಗೆ ಒಳ್ಳೆಯದೇ ಆಗುತ್ತಿದೆ. ದೂರ ಇದ್ದರೆ, ಪಟ್ಟಿ ನಿಮ್ಮ ಬಗ್ಗೆ ಜಗತ್ತಿಗೆಲ್ಲ ತಪ್ಪು ಹೇಳುತ್ತಿದೆ. ತಪ್ಪು ತಿಳಿದು ಬಂದವರು ಅದೇ ಥರದ ಪ್ರಶ್ನೆಗಳನ್ನೇ ಕೇಳುತ್ತಾರೆ. ಅಂಥವೇ ಮತ್ತೆ ಪಟ್ಟಿಗೆ ಹೋಗುತ್ತವೆ. ಸಮುದಾಯದ ವಿಷಯವೇ ನಿಧಾನಕ್ಕೆ ಜರುಗಿಬಿಡುತ್ತದೆ.

ಆಮೇಲೆ ಬಂದ ಜನರ ಲೆಕ್ಕ. ಎಷ್ಟು ಜನ ನೋಡಿದರು ಅನ್ನುವ ಸಂಖ್ಯೆಯನ್ನು ನಾನು ಪಕ್ಕಕ್ಕಿಡುತ್ತೇನೆ. ಅದು ಯಾವಾಗಲೂ ದೊಡ್ಡದಾಗಿಯೇ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಇದು: ಪಟ್ಟಿಯ ಪ್ರಶ್ನೆಗೆ ಉತ್ತರ ಬರೆದ ಹೊಸಬರಲ್ಲಿ ಎಷ್ಟು ಜನ ಆಮೇಲೆ, ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಪ್ರಶ್ನೆಗೆ ಉತ್ತರ ಬರೆದರು? ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಪ್ರಶ್ನೆಗಳ ಡೇಟಾ ಎಲ್ಲರಿಗೂ ಸಿಗುವಂತೆ ಇರುವುದರಿಂದ ಇದನ್ನು ಹುಡುಕಿ ತೆಗೆಯಬಹುದು. ಸಣ್ಣ ಸಮುದಾಯವಾದರೆ ಕೈಯಲ್ಲೇ ಎಣಿಸಿದರೂ ಆಯಿತು. ಹೀಗೆ ವಾಪಸ್ ಬಂದವರು ಮೂರು ತಿಂಗಳಿಗೆ ನಾಲ್ಕೈದು ಜನ ಇದ್ದರೂ ಸಣ್ಣ ಸಮುದಾಯಕ್ಕೆ ಅದು ದೊಡ್ಡ ಲಾಭ. ಒಬ್ಬರೂ ಇಲ್ಲ ಅಂದರೆ, ಪಟ್ಟಿ ಬರೀ ಜನರನ್ನು ಹಾಯಿಸಿಕೊಂಡು ಹೋಗುತ್ತಿದೆ.

ಮೂರನೆಯದಾಗಿ, ಪಟ್ಟಿಗೆ ಹೋದ ಪ್ರಶ್ನೆಗಳಲ್ಲಿ ಮೇಲೆ ಬಂದ ಉತ್ತರ ಯಾವುದು, ವಿಷಯ ಬಲ್ಲವರು ಒಪ್ಪುವ ಉತ್ತರ ಯಾವುದು ಅಂತ ಹೋಲಿಸಿ. ಹತ್ತರಲ್ಲಿ ಎಂಟೊಂಬತ್ತು ಕಡೆ ಎರಡೂ ಒಂದೇ ಆಗಿದ್ದರೆ ನೆಮ್ಮದಿಯಾಗಿರಿ. ಅರ್ಧದಷ್ಟು ಕಡೆ ಬೇರೆ ಬೇರೆ ಆಗಿದ್ದರೆ ನಿಮ್ಮ ವೋಟಿನ ಮೇಲೆ ನಿಮಗೆ ಹಿಡಿತ ತಪ್ಪಿದೆ. ಮೂರನೆಯ ದಾರಿ ಹಿಡಿಯಿರಿ, ಜನ ಸಾಲದಿದ್ದರೆ ಎರಡನೆಯದು.

ಈ ಮೂರೂ ಮಾಡಿದ ಮೇಲೂ ಒಮ್ಮತ ಬರದಿದ್ದರೆ ಮೂರು ತಿಂಗಳು ಹೊರಗಿದ್ದು ನೋಡುವುದು ಒಳ್ಳೆಯದು. ಆದರೆ ಪ್ರಯೋಗ ಶುರುವಾಗುವ ಮೊದಲೇ, ಏನು ಕಂಡರೆ ವಾಪಸ್ ಬರುತ್ತೇವೆ ಅಂತ ಬರೆದು ಎಲ್ಲರಿಗೂ ತೋರಿಸಿ. ಹಾಗೆ ಬರೆಯದಿದ್ದರೆ ಮೂರು ತಿಂಗಳ ಕೊನೆಗೆ ಎರಡೂ ಬಣದವರು ಅದೇ ಸಂಖ್ಯೆಗಳನ್ನು ಹಿಡಿದು ತಾವೇ ಗೆದ್ದೆವು ಅನ್ನುತ್ತಾರೆ. ಇನ್ನೊಂದು ಎಚ್ಚರ: ಹೊರಬಂದ ಮೊದಲ ವಾರಗಳಲ್ಲಿ ವೋಟ್ ಮತ್ತು ಓದುಗರ ಸಂಖ್ಯೆ ಖಂಡಿತ ಬೀಳುತ್ತದೆ. ಅದನ್ನು ನೋಡಿ ಹೆದರಿ ಪ್ರಯೋಗ ಅರ್ಧಕ್ಕೆ ನಿಲ್ಲಿಸಬೇಡಿ. ಹೊಸ ಪ್ರಶ್ನೆಗೆ ಒಳ್ಳೆಯ ಉತ್ತರ ಬರಲು ಹಿಡಿಯುವ ಸಮಯ ಹೆಚ್ಚಾಯಿತಾ ಅನ್ನುವುದು ಮಾತ್ರ ನಿಜವಾದ ಕಳವಳ.

ಯಾವ ದಾರಿ ಹಿಡಿದರೂ ಶೀರ್ಷಿಕೆ ತಿದ್ದುವುದನ್ನು ಮರೆಯಬೇಡಿ. ಪಟ್ಟಿಯಲ್ಲಿ ಹೋಗುವುದು ಶೀರ್ಷಿಕೆ ಒಂದೇ, ಪ್ರಶ್ನೆಯ ಮೈ ಹೋಗುವುದಿಲ್ಲ. 'ಅವರು ಹೀಗೆ ಮಾಡಿದ್ದು ತಪ್ಪಲ್ವಾ?' ಅನ್ನುವ ಶೀರ್ಷಿಕೆಗೆ ಬರುವ ಜನ ಬೇರೆ, 'ಒಪ್ಪಂದದಲ್ಲಿ ಇಲ್ಲದ ಕೆಲಸವನ್ನು ನಿರಾಕರಿಸುವ ಬಗೆ' ಅನ್ನುವುದಕ್ಕೆ ಬರುವ ಜನ ಬೇರೆ. ಎರಡನೆಯದು ಕಡಿಮೆ ಜನರನ್ನು ಕರೆಯುತ್ತದೆ, ಆದರೆ ಬೇಕಾದವರನ್ನು ಕರೆಯುತ್ತದೆ. ಪ್ರಶ್ನೆ ಜನಪ್ರಿಯವಾಗುವ ಲಕ್ಷಣ ಕಂಡ ಕೂಡಲೇ ಶೀರ್ಷಿಕೆ ತಿದ್ದುವ ಅಭ್ಯಾಸ ಇರುವ ಸಮುದಾಯಕ್ಕೆ ಮುಂದೆ ಬರುವ ತೊಂದರೆ ಎಷ್ಟೋ ಕಡಿಮೆ.

ಈ ಇಡೀ ಚರ್ಚೆಯಲ್ಲಿ ಎಲ್ಲರೂ ಮರೆಯುವ ಒಬ್ಬರಿದ್ದಾರೆ. ಅವರು ಪ್ರಶ್ನೆ ಕೇಳಿದವರು. ಸಮುದಾಯದ ಬೆಳವಣಿಗೆ, ಹಳಬರ ಬೇಸರ, ಮಾಡರೇಟರ್‌ಗಳ ಶ್ರಮ ಎಲ್ಲ ಚರ್ಚೆಯಾಗುತ್ತದೆ. ತನ್ನ ಗೊಂದಲ ಹಂಚಿಕೊಂಡ ಆ ವ್ಯಕ್ತಿಗೆ ಅದು ಜಾಲದ ತುಂಬ ಕಾಣಿಸಿಕೊಳ್ಳುವುದು ಬೇಕಿತ್ತಾ ಅಂತ ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಐವತ್ತು ಕಾಮೆಂಟ್, ಅರ್ಧ ಅವರ ನಡತೆಯ ಬಗ್ಗೆ. ಮ್ಯಾಸ್ಟೊಡಾನ್‌ನಲ್ಲಿ ತನ್ನ ಪೋಸ್ಟ್‌ಗಳು ಹೀಗೆ ಎತ್ತಿ ತೋರಿಸುವ ಕಡೆ ಬರಬೇಕಾ ಬೇಡವಾ ಅಂತ ಪ್ರತಿ ಖಾತೆಯವರೂ ಸೆಟ್ಟಿಂಗ್ಸ್‌ನಲ್ಲಿ ಹೇಳಬಹುದು. ಪ್ರಶ್ನೋತ್ತರ ಜಾಲಗಳಲ್ಲೂ ಕೇಳುವವರ ಪುಟದಲ್ಲಿ ಅಂಥದೊಂದು ಟಿಕ್ ಗುರುತು ಇರಬೇಕು ಅಂತ ನಾನು ಬಲವಾಗಿ ಅಂದುಕೊಂಡಿದ್ದೇನೆ. ಅದು ಬರುವವರೆಗೆ, ಮಾಡರೇಟರ್‌ಗೆ ಪಟ್ಟಿಯಿಂದ ತೆಗೆಯುವ ಅಧಿಕಾರ ಇರುವ ಕಡೆಯಾದರೂ ಒಂದು ನಿಯಮ ಮಾಡಿಕೊಳ್ಳಬಹುದು: ಕೇಳಿದವರು 'ನನ್ನ ಪ್ರಶ್ನೆ ಪಟ್ಟಿಯಲ್ಲಿ ಬೇಡ' ಅಂದರೆ ಕಾರಣ ಕೇಳದೆ ತೆಗೆಯುವುದು. ಆ ಸಾಲನ್ನು ಹೊಸಬರು ಓದುವ ಸಹಾಯ ಪುಟದಲ್ಲಿ, ಮೇಲೆಯೇ ಹಾಕಿ.